ಮೆಟಾಟಾರ್ಸಲ್ ಅಂದರೆ ಯಾವ ಎಲುಬು? ಆ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ನಾನು ಕಾಸರಗೋಡಿನ ನೀರ್ಚಾಲು ಕಡೆಯವಳು, ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮಳೆಗೆ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿ, ಎಡ ಪಾದ ಒಳಕ್ಕೆ ಹೊರಳಿತು. ಎಕ್ಸ್‌ರೇ ರಿಪೋರ್ಟಿನಲ್ಲಿ ‘ಐದನೇ ಮೆಟಾಟಾರ್ಸಲ್‌ನ ಬುಡದಲ್ಲಿ ಫ್ರ್ಯಾಕ್ಚರ್’ ಅಂತ ಇದೆ. ಡಾಕ್ಟರು ಗಟ್ಟಿ ಅಟ್ಟೆಯ ಶೂ ಕೊಟ್ಟು ನಡೆಯಬಹುದು ಅಂದರು. ನೆರೆಮನೆಯ ಹುಡುಗನಿಗೆ ಫುಟ್‌ಬಾಲ್ ಆಡುವಾಗ ಮುರಿದದ್ದೂ ಇದೇ ಐದನೇ ಮೆಟಾಟಾರ್ಸಲ್. ಅವನಿಗೆ ಮಂಗಳೂರಿನಲ್ಲಿ ಸ್ಕ್ರೂ ಹಾಕಿದರು! ಒಂದೇ ಎಲುಬಿಗೆ ಎರಡು ಥರದ ಮದ್ದು ಯಾಕೆ? ಈ ಹೆಸರಿಗೆ ಅರ್ಥ ಏನು, ಕನ್ನಡದಲ್ಲಿ ಏನನ್ನುತ್ತಾರೆ? ‘ಮೆಟಾ ಅಂದರೆ ಫೇಸ್‌ಬುಕ್ ಕಂಪೆನಿ ಅಲ್ವಾ’ ಅಂತ ಮಗ ಕೇಳುತ್ತಾನೆ. ಇನ್ನೊಂದು: ಎಕ್ಸ್‌ರೇಯಲ್ಲಿ ಹೆಬ್ಬೆರಳಿನ ಬುಡದಲ್ಲಿ ಎರಡು ಸಣ್ಣ ಗುಂಡು ಕಾಣುತ್ತವೆ. ಅಲ್ಲೂ ಚೂರಾಗಿದೆಯಾ?

ಉತ್ತರ: ಟೀಚರ್, ನಿಮ್ಮ ಮಗನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಫೇಸ್‌ಬುಕ್ ಕಂಪೆನಿ ‘ಮೆಟಾ’ ಆದದ್ದು 2021ರಲ್ಲಿ. ಕಾಲಿನ ಎಲುಬಿಗೆ ಆ ಹೆಸರು ಬಿದ್ದು ಆಗಲೇ ಮುನ್ನೂರು ವರ್ಷಕ್ಕೂ ಜಾಸ್ತಿ ಆಗಿತ್ತು. ಎರಡಕ್ಕೂ ಮೂಲ ಒಂದೇ ಗ್ರೀಕ್ ಪದ. ಮೆಟಾ ಅಂದರೆ ‘ಆಮೇಲಿನದು’, ‘ಆಚೆಯದು’. ಹಾಗಾಗಿ ಮೆಟಾಟಾರ್ಸಲ್ ಅಂದರೆ ಟಾರ್ಸಲ್ ಆದಮೇಲೆ ಬರುವ ಎಲುಬು. ಅಷ್ಟೇ. ಅದರ ಆಕಾರ ಏನು, ಕೆಲಸ ಏನು ಅಂತ ಆ ಹೆಸರು ಹೇಳುವುದೇ ಇಲ್ಲ. ಎಲ್ಲಿದೆ ಅಂತ ಮಾತ್ರ ಹೇಳುತ್ತದೆ. ನಿಮ್ಮ ರಿಪೋರ್ಟನ್ನೂ ಹಾಗೆಯೇ ಓದಬೇಕು. ಎಷ್ಟನೇದು, ಅದರಲ್ಲೂ ಯಾವ ಜಾಗ? ನಿಮಗೆ ಶೂ, ಆ ಹುಡುಗನಿಗೆ ಸ್ಕ್ರೂ ಆದದ್ದು ಈ ‘ಯಾವ ಜಾಗ’ದ ವ್ಯತ್ಯಾಸದಿಂದ ಇರಬೇಕು. ಅದಕ್ಕೆ ಮತ್ತೆ ಬರುತ್ತೇನೆ.

ಮೊದಲು ಟಾರ್ಸಲ್ ನೋಡೋಣ. ಒಂದು ಪಾದದಲ್ಲಿ 26 ಎಲುಬು. ಹಿಮ್ಮಡಿಯಿಂದ ಪಾದದ ನಡುವಿನವರೆಗೆ 7 ಗಿಡ್ಡ ಎಲುಬುಗಳು ಒತ್ತೊತ್ತಾಗಿ ಕೂತಿವೆ, ಅವು ಟಾರ್ಸಲ್. ಅಲ್ಲಿಂದ ಬೆರಳಿನ ಬುಡದವರೆಗೆ 5 ಉದ್ದ ಎಲುಬು, ಅವು ಮೆಟಾಟಾರ್ಸಲ್. ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡು, ಉಳಿದವಕ್ಕೆ ಮೂರು ಮೂರು. ಲೆಕ್ಕ ಹಾಕುವುದು ಹೆಬ್ಬೆರಳಿನ ಕಡೆಯಿಂದ. ಹಾಗಾಗಿ ಐದನೆಯದು ಅಂದರೆ ಕಿರುಬೆರಳಿನ ಸಾಲಿನದು.

ಟಾರ್ಸಲ್‌ಗೆ ಮೂಲ ‘ಟಾರ್ಸೊಸ್’ ಅನ್ನುವ ಗ್ರೀಕ್ ಪದ. ಅದರ ಹಳೆಯ ಅರ್ಥ ಕೇಳಿದರೆ ನಗು ಬರಬಹುದು. ಬೆತ್ತದಂಥ ಕಡ್ಡಿಗಳನ್ನು ಹೆಣೆದು ಮಾಡಿದ, ಚೀಸ್ ಒಣಗಿಸುವ ಚಪ್ಪಟೆ ಹಲಗೆ ಅದು. ನಮ್ಮ ಕಡೆ ಸಂಡಿಗೆ ಹರವುವ ಬಿದಿರಿನ ತಟ್ಟಿ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಹೋಮರನ ಕಾವ್ಯಗಳಲ್ಲಿ ಈ ಪದದ ಎರಡೂ ಅರ್ಥ ಸಿಗುತ್ತವೆ. ‘ಒಡಿಸ್ಸಿ’ಯಲ್ಲಿ ಒಕ್ಕಣ್ಣಿನ ರಾಕ್ಷಸನ ಗುಹೆಯೊಳಗೆ ಚೀಸ್ ತುಂಬಿದ ಟಾರ್ಸೊಸ್‌ಗಳು ಸಾಲಾಗಿ ಇವೆ. ‘ಇಲಿಯಡ್’ನಲ್ಲಿ ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಬಿಟ್ಟ ಬಾಣ ಗ್ರೀಕ್ ವೀರ ಡಯೊಮಿಡೀಸನ ಬಲಗಾಲಿನ ಟಾರ್ಸೊಸ್‌ಗೆ ನಾಟಿ, ಪಾದವನ್ನು ತೂರಿ ನೆಲಕ್ಕೆ ಚುಚ್ಚಿಕೊಳ್ಳುತ್ತದೆ. ಅಂದರೆ ಆ ಕಾಲಕ್ಕೇ ತಟ್ಟಿಯ ಹೆಸರು ಪಾದದ ಚಪ್ಪಟೆ ಭಾಗಕ್ಕೂ ಅಂಟಿಕೊಂಡಿತ್ತು. ಈಗಿನ ಹಾಗೆ ‘ಈ ಏಳು ಎಲುಬು ಮಾತ್ರ ಟಾರ್ಸಸ್’ ಅನ್ನುವ ಗಡಿ ಆಗ ಇರಲಿಲ್ಲ. ಆ ಗಡಿಯನ್ನು ಹಾಕಿದವರು ಆಮೇಲಿನ ಅಂಗರಚನಾ ಶಾಸ್ತ್ರದವರು. ಗಡಿ ಬಿದ್ದಮೇಲೆ ಅದರಾಚೆಯ ಐದಕ್ಕೆ ಇನ್ನೊಂದು ಹೆಸರು ಬೇಕಾಯಿತು. ‘ಟಾರ್ಸಸ್ ಆಚೆಯದು’ ಅಂತ ಲ್ಯಾಟಿನ್‌ನಲ್ಲಿ ಮೆಟಾಟಾರ್ಸಸ್ ಮಾಡಿಕೊಂಡರು. ಕೈಯಲ್ಲೂ ಇದೇ ಕ್ರಮ. ಮಣಿಕಟ್ಟು ಕಾರ್ಪಸ್, ಅದರಾಚೆ ಅಂಗೈಯಲ್ಲಿರುವುದು ಮೆಟಾಕಾರ್ಪಸ್.

ಇನ್ನೂ ಸ್ವಲ್ಪ ಬೇರಿಗೆ ಹೋದರೆ ನಿಮ್ಮ ತರಗತಿಯಲ್ಲಿ ಹೇಳುವಂಥ ಒಂದು ಸಂಗತಿ ಸಿಗುತ್ತದೆ. ಟಾರ್ಸೊಸ್ ಹುಟ್ಟಿದ್ದು ‘ಒಣಗು’ ಅನ್ನುವ ಅರ್ಥದ ಧಾತುವಿನಿಂದ. ಸಂಸ್ಕೃತದ ‘ತೃಷೆ’ಯೂ ಅದೇ ಬೇರಿನದು. ಗಂಟಲು ಒಣಗಿದರೆ ತೃಷೆ, ಚೀಸ್ ಒಣಗಿದರೆ ಟಾರ್ಸೊಸ್. ಇಂಗ್ಲಿಷಿನ ‘ಥರ್ಸ್ಟ್’ ಕೂಡ ಅದೇ ಬಳಗ. ಕಣ್ಣಿನ ಡಾಕ್ಟರ ಬಾಯಲ್ಲೂ ಟಾರ್ಸಸ್ ಬರುತ್ತದೆ. ರೆಪ್ಪೆಯೊಳಗೆ ಅದನ್ನು ಗಟ್ಟಿಯಾಗಿ ಹಿಡಿದಿಡುವ ಚಪ್ಪಟೆ ತಗಡಿನಂಥ ಭಾಗಕ್ಕೂ ಅದೇ ಹೆಸರು. ಹಾಗಾಗಿ ಯಾರದಾದರೂ ಕಣ್ಣಿನ ರಿಪೋರ್ಟಿನಲ್ಲಿ ಟಾರ್ಸಲ್ ಅಂತ ಕಂಡರೆ ಕಾಲಿನ ರಿಪೋರ್ಟು ಅದಲುಬದಲಾಗಿದೆ ಅಂತ ಗಾಬರಿಯಾಗಬೇಡಿ.

ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ. ಅಮರಕೋಶದಲ್ಲಿ ‘ಪಾದಾಗ್ರಂ ಪ್ರಪದಂ’ ಅಂತ ಬರುತ್ತದೆ. ಪಾದದ ಮುಂಭಾಗ ಪ್ರಪದ. ಅದಕ್ಕೆ ಅಸ್ಥಿ ಸೇರಿಸಿ ಪ್ರಪದಾಸ್ಥಿ ಅನ್ನುವವರಿದ್ದಾರೆ. ತಪ್ಪಿಲ್ಲ, ಆದರೆ ಬದಿಯಡ್ಕದ ಬಸ್‌ಸ್ಟಾಂಡಿನಲ್ಲಿ ‘ನನ್ನ ಪ್ರಪದಾಸ್ಥಿ ಮುರಿದಿದೆ’ ಅಂದರೆ ಯಾರಿಗೂ ತಿಳಿಯದು. ಚರಕ ಸಂಹಿತೆಯ ಹೆಸರು ನನಗೆ ಹೆಚ್ಚು ಇಷ್ಟ: ‘ಶಲಾಕಾ’, ಅಂದರೆ ಕಡ್ಡಿ. ಚರಕ ದೇಹದ ಎಲುಬುಗಳನ್ನು 360 ಅಂತ ಎಣಿಸುತ್ತಾನೆ. ಹಲ್ಲು, ಉಗುರು ಎಲ್ಲ ಸೇರಿಸಿದ ಲೆಕ್ಕ ಅದು. ಈಗಿನ 206ರ ಜೊತೆ ಹೋಲಿಸಿ ನಗುವವರಿದ್ದಾರೆ. ಆದರೆ ಕೈಕಾಲಿನ ಶಲಾಕೆಗಳು ಎಷ್ಟು ಅಂತ ನೋಡಿ: 20. ಅಂಗೈಗೆ ಐದೈದು, ಪಾದಕ್ಕೆ ಐದೈದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ! ಬೆರಳಿನ ಎಲುಬು ಮಾತ್ರ 60 ಅನ್ನುತ್ತಾನೆ. ಇಪ್ಪತ್ತು ಬೆರಳಿಗೆ ಮೂರು ಮೂರರಂತೆ ಗುಣಿಸಿದ ಲೆಕ್ಕ. ಹೆಬ್ಬೆರಳುಗಳಿಗೆ ಎರಡೇ ಇರುವುದರಿಂದ ಸರಿಯಾದದ್ದು 56.

ಮನೆಮಾತಿನಲ್ಲಿ ‘ಪಾದದ ಉದ್ದ ಎಲುಬು’ ಅಂದರೆ ಸಾಕು ಅಂತ ನನ್ನ ಅಭಿಪ್ರಾಯ. ‘ಅಂಗಾಲಿನ ಎಲುಬು’ ಅನ್ನುವುದೂ ಇದೆ. ಆದರೆ ಅಂಗಾಲು ಅಂದಕೂಡಲೇ ಅಡಿಭಾಗ ಮಾತ್ರ ಕಣ್ಣೆದುರು ಬರುತ್ತದೆ. ಈ ಐದು ಎಲುಬುಗಳನ್ನು ಕೈಯಲ್ಲಿ ಮುಟ್ಟಿ ನೋಡಲು ಸುಲಭ ಪಾದದ ಮೇಲಿನಿಂದಲೇ. ಡಾಕ್ಟರ ಹತ್ತಿರ ಮಾತಾಡುವಾಗ ಮಾತ್ರ ಮೆಟಾಟಾರ್ಸಲ್ ಅಂತಲೇ ಹೇಳಿ. ಗೊಂದಲ ಇರುವುದಿಲ್ಲ.

ಟಾರ್ಸಲ್ ಏಳರ ಹೆಸರುಗಳನ್ನು ಬೇಗ ಮುಗಿಸುತ್ತೇನೆ. ಅವುಗಳಲ್ಲಿ ಜಾಸ್ತಿಯವು ಆಕಾರ ನೋಡಿ ಇಟ್ಟವು. ನೇವಿಕ್ಯುಲರ್ ಅಂದರೆ ಪುಟ್ಟ ದೋಣಿ. ಕ್ಯೂಬಾಯ್ಡ್ ಅಂದರೆ ಘನಾಕಾರದ್ದು. ಕ್ಯುನಿಫಾರ್ಮ್ ಮೂರಿವೆ, ಬೆಣೆಯ ಆಕಾರದವು. ಬ್ಯಾಬಿಲೋನಿನ ಮಣ್ಣಿನ ಹಲಗೆಗಳ ಬೆಣೆಲಿಪಿಗೂ ಇದೇ ಹೆಸರು. ಹಿಮ್ಮಡಿಯ ಕ್ಯಾಲ್ಕೇನಿಯಸ್ ಲ್ಯಾಟಿನ್‌ನಲ್ಲಿ ಹಿಮ್ಮಡಿಯೇ. ಹರಡಿನ ಹತ್ತಿರ ಕಾಲಿನ ಭಾರ ಹೊರುವುದು ಟೇಲಸ್. ಇದು ಮಾತ್ರ ಸ್ವಲ್ಪ ವಿಚಿತ್ರದ್ದು, ಒಂದೇ ಒಂದು ಸ್ನಾಯುವೂ ಇದಕ್ಕೆ ಅಂಟಿಕೊಂಡಿಲ್ಲ. ಗ್ರೀಕರು ಇದನ್ನು ಅಸ್ಟ್ರಾಗಲೊಸ್ ಅನ್ನುತ್ತಿದ್ದರು. ಕುರಿ, ಆಡಿನ ಈ ಎಲುಬನ್ನು ದಾಳದ ಹಾಗೆ ಎಸೆದು ಆಡುತ್ತಿದ್ದರು. ಎಸೆದರೆ ನಾಲ್ಕು ಮಗ್ಗುಲಲ್ಲಿ ಯಾವುದಾದರೂ ಒಂದರ ಮೇಲೆ ನಿಲ್ಲುತ್ತದೆ, ಅದಕ್ಕೇ ಆಟಕ್ಕೆ ಒದಗಿತು.

ಮೆಟಾಟಾರ್ಸಲ್ ಎಂಥದ್ದು ಅಂತ ಮಗನಿಗೆ ತೋರಿಸಬೇಕಾದರೆ ಪುಸ್ತಕ ಬೇಡ, ಹಟ್ಟಿಗೆ ಕರೆದುಕೊಂಡು ಹೋಗಿ. ಹಸುವಿನ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಬಾಗಿದ ಗಂಟು ಇದೆಯಲ್ಲ, ತುಂಬ ಜನ ಅದನ್ನು ಮೊಣಕಾಲು ಅಂದುಕೊಳ್ಳುತ್ತಾರೆ. ಅಲ್ಲ, ಅದು ಹಿಮ್ಮಡಿ. ಹಸುವಿನ ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಹತ್ತಿರ ಇದೆ. ಆ ಗಂಟಿನಿಂದ ಕೆಳಗೆ ಗೊರಸಿನ ಕಡೆಗೆ ಇಳಿಯುವ ನೆಟ್ಟನೆಯ ಎಲುಬೇ ಮೆಟಾಟಾರ್ಸಲ್. ಮೂರನೆಯದೂ ನಾಲ್ಕನೆಯದೂ ಸೇರಿ ಒಂದಾಗಿದೆ. ನಮ್ಮ ಕಾಸರಗೋಡು ಗಿಡ್ಡ ತಳಿಯ ಹಸುವಿನಲ್ಲಿ ಇದು ಪುಟ್ಟದು, ದೊಡ್ಡ ಜೆರ್ಸಿಯಲ್ಲಿ ಉದ್ದ. ಎರಡರಲ್ಲೂ ಜಾಗ ಒಂದೇ. ಕೋಳಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಟಾರ್ಸಲ್‌ನ ಒಂದು ಭಾಗವೂ ಮೆಟಾಟಾರ್ಸಲ್‌ಗಳೂ ಕೂಡಿ ಒಂದೇ ಎಲುಬಾಗಿವೆ. ರೆಕ್ಕೆಪುಕ್ಕ ಇಲ್ಲದ, ಹುರುಪೆ ಹುರುಪೆಯಾಗಿ ಕಾಣುವ ಆ ಕಾಲು ಪೂರ್ತಿ ಅದೇ. ಕೋಳಿಕಟ್ಟದಲ್ಲಿ ಹುಂಜಕ್ಕೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟುವುದೂ ಆ ಎಲುಬಿನ ಮೇಲೆಯೇ. ಅಂದರೆ ಹಸುವಾಗಲಿ ಕೋಳಿಯಾಗಲಿ ಯಾವಾಗಲೂ ನಿಂತಿರುವುದು ತುದಿಗಾಲಲ್ಲಿ. ನಾವು ಅಟ್ಟದ ಡಬ್ಬಿಗೆ ಕೈ ಚಾಚುವಾಗ ಮಾತ್ರ ಹಾಗೆ ನಿಲ್ಲುತ್ತೇವೆ. ಆಗ ಭಾರ ಬೀಳುವ ಉಬ್ಬು ಇದೆಯಲ್ಲ, ಬೆರಳುಗಳ ಹಿಂದೆ, ಅದು ಮೆಟಾಟಾರ್ಸಲ್‌ಗಳ ತಲೆ.

ಈಗ ನಿಮ್ಮ ಎಡ ಪಾದಕ್ಕೆ ಬರೋಣ. ನೋವಿಲ್ಲದ ಬಲ ಪಾದದಲ್ಲಿ ಹುಡುಕಿ. ಕಿರುಬೆರಳಿನ ಬುಡದಿಂದ ಶುರು ಮಾಡಿ ಪಾದದ ಹೊರ ಅಂಚಿನಲ್ಲೇ ಕೈಬೆರಳನ್ನು ಹಿಂದಕ್ಕೆ ಎಳೆಯಿರಿ. ಹಿಮ್ಮಡಿಗೆ ಹೋಗುವ ಅರ್ಧ ದಾರಿಯಲ್ಲಿ ಒಂದು ಗಂಟು ಕೈಗೆ ತಾಗುತ್ತದೆ. ಬಿಗಿ ಚಪ್ಪಲಿ ಹಾಕಿದರೆ ಬಾರು ಉಜ್ಜುವುದೂ ಅಲ್ಲೇ. ಅದು ಐದನೇ ಮೆಟಾಟಾರ್ಸಲ್‌ನ ಬುಡ. ಉಳಿದ ನಾಲ್ಕಕ್ಕೆ ಹೀಗೆ ಹೊರಗೆ ಚಾಚಿದ ಗಂಟಿಲ್ಲ. ಕಾಲಿನ ಹೊರಮಗ್ಗುಲಲ್ಲಿ ಇಳಿದು ಬರುವ ಪೆರೋನಿಯಸ್ ಬ್ರೆವಿಸ್ ಅನ್ನುವ ಸ್ನಾಯುವಿನ ನಾರು ಈ ಗಂಟಿಗೆ ಅಂಟಿಕೊಂಡಿದೆ. ಪಾದ ಫಕ್ಕನೆ ಒಳಕ್ಕೆ ಹೊರಳಿದಾಗ ಅದು ಬಿಗಿಯುತ್ತದೆ. ಅಂಗಾಲಿನ ಗಟ್ಟಿ ಪೊರೆಯ ಹೊರ ಅಂಚೂ ಅಲ್ಲೇ ಎಳೆಯುತ್ತದೆ. ಎಳೆತ ತಡೆಯಲಾಗದೆ ಗಂಟಿನ ತುದಿ ಕಿತ್ತುಕೊಂಡು ಬರುತ್ತದೆ. ಪಾಚಿಯಲ್ಲಿ ಜಾರಿದವರಿಗೆ, ಮೆಟ್ಟಿಲು ತಪ್ಪಿದವರಿಗೆ ಆಗುವುದು ಸಾಮಾನ್ಯವಾಗಿ ಇದು. ಈ ಜಾಗದಲ್ಲಿ ರಕ್ತದ ಓಡಾಟ ಚೆನ್ನಾಗಿರುತ್ತದೆ. ಗಟ್ಟಿ ಅಟ್ಟೆಯ ಶೂ ಹಾಕಿ, ನೋವು ಸಹಿಸುವಷ್ಟು ಭಾರ ಹಾಕಿ ನಡೆದರೂ ಕೂಡುತ್ತದೆ. ಆರೆಂಟು ವಾರದಲ್ಲಿ ಬಹುತೇಕರಿಗೆ ನೋವು ಇಳಿದಿರುತ್ತದೆ. ಎಕ್ಸ್‌ರೇಯಲ್ಲಿ ಗೆರೆ ಅದಕ್ಕಿಂತಲೂ ಜಾಸ್ತಿ ದಿನ ಕಾಣಬಹುದು, ಅದಕ್ಕೆ ಹೆದರಬೇಡಿ.

ಆ ಗಂಟಿನಿಂದ ಸುಮಾರು ಎರಡು ಸೆಂಟಿಮೀಟರ್ ಮುಂದೆ, ಬೆರಳಿನ ಕಡೆಗೆ, ಎಲುಬು ಅಡ್ಡಕ್ಕೆ ಮುರಿದರೆ ಕತೆಯೇ ಬೇರೆ. ಅದಕ್ಕೆ ಜೋನ್ಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ಎಲುಬಿನ ಬುಡಕ್ಕೆ ಒಂದು ಕಡೆಯಿಂದ ರಕ್ತ ಬರುತ್ತದೆ, ನಡುವಿನ ಭಾಗಕ್ಕೆ ಇನ್ನೊಂದು ನಾಳದಿಂದ. ಎರಡರ ಎಲ್ಲೆ ಸೇರುವಲ್ಲಿ ರಕ್ತ ಕಮ್ಮಿ. ಮುರಿತ ಅಲ್ಲೇ ಆದರೆ ಕೂಡುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ. ಅದಕ್ಕೆ ಆರೆಂಟು ವಾರ ಕಾಲೂರಲು ಬಿಡುವುದಿಲ್ಲ. ಆಟಗಾರರಿಗಾದರೆ ಬೇಗ ಮೈದಾನಕ್ಕೆ ಇಳಿಸಲೆಂದು, ಮತ್ತೆ ಮುರಿಯದಿರಲೆಂದು ಎಲುಬಿನೊಳಗೆ ಸ್ಕ್ರೂ ಹಾಕುತ್ತಾರೆ. ನೆರೆಮನೆಯ ಹುಡುಗನಿಗೆ ಆದದ್ದು ಇದೇ ಇರಬೇಕು. ‘ಐದನೇ ಮೆಟಾಟಾರ್ಸಲ್’ ಅನ್ನುವವರೆಗೆ ಇಬ್ಬರದೂ ಒಂದೇ, ಎರಡು ಸೆಂಟಿಮೀಟರಿನಲ್ಲಿ ಮದ್ದು ಬದಲಾಗುತ್ತದೆ. ‘ಅವನಿಗೆ ಸ್ಕ್ರೂ ಹಾಕಿದರು, ನನಗೆ ಬರೀ ಶೂ’ ಅಂತ ನೀವು ಬೇಸರ ಮಾಡಿಕೊಳ್ಳುವುದೂ ಬೇಡ, ‘ಟೀಚರು ನಡೆಯುತ್ತಾರಲ್ಲ’ ಅಂತ ಆ ಹುಡುಗ ಕಾಲೂರುವುದೂ ಬೇಡ. ನಿಮ್ಮ ಡಾಕ್ಟರಲ್ಲಿ ‘ಗಂಟಿನ ತುದಿಯದಾ, ಅದರ ಮುಂದಿನದಾ’ ಅಂತ ಒಂದು ಮಾತು ಕೇಳಿ ಖಚಿತ ಮಾಡಿಕೊಳ್ಳಿ.

ಜೋನ್ಸ್ ಯಾರು ಅಂದರೆ, ಲಿವರ್‌ಪೂಲಿನ ಎಲುಬಿನ ಡಾಕ್ಟರ್ ರಾಬರ್ಟ್ ಜೋನ್ಸ್. ಮುರಿದದ್ದು ಅವರದೇ ಕಾಲು! ಟೆಂಟಿನ ಕಂಬದ ಸುತ್ತ ಕುಣಿಯುತ್ತಿದ್ದಾಗ ಪಾದ ನೋವಾಯಿತು. ಸ್ನಾಯುವಿನ ನಾರು ಹರಿದಿರಬೇಕು ಅಂತ ಅವರೇ ಅಂದುಕೊಂಡಿದ್ದರು. ಎಕ್ಸ್‌ರೇ ತೆಗೆಸಿದಾಗ ಐದನೇ ಮೆಟಾಟಾರ್ಸಲ್ ಮುರಿದಿತ್ತು. ನೇರ ಪೆಟ್ಟು ಬೀಳದೆ, ಬರೀ ಹೊರಳಿದರೂ ಈ ಎಲುಬು ಮುರಿಯುತ್ತದೆ ಅಂತ ತಮ್ಮ ಕಾಲನ್ನೂ ಇನ್ನು ಕೆಲವರ ಕಾಲನ್ನೂ ಇಟ್ಟುಕೊಂಡು 1902ರಲ್ಲಿ ಬರೆದರು. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅದಕ್ಕೆ ಮೊದಲು ಇಂಥವೆಲ್ಲ ಉಳುಕು ಅಂತಲೇ ಹೋಗುತ್ತಿದ್ದವು. ಎಣ್ಣೆ ಹಾಕಿ ತಿಕ್ಕಿಸಿಕೊಳ್ಳುವುದು ನಮ್ಮಲ್ಲಿ ಈಗಲೂ ಇದೆ. ಗಂಟಿನ ಮೇಲೆ ಒತ್ತಿದರೆ ಪ್ರಾಣ ಹೋಗುವಷ್ಟು ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಹಾಕಲೂ ಆಗದಿದ್ದರೆ, ತಿಕ್ಕಿಸಬೇಡಿ, ಎಕ್ಸ್‌ರೇ ತೆಗೆಸಿ. ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ಮಾಡಿದ ನಿಯಮಗಳಲ್ಲಿ ಇವೂ ಇವೆ, ತುರ್ತು ಚಿಕಿತ್ಸೆಯ ಡಾಕ್ಟರುಗಳು ಎಷ್ಟೋ ದೇಶಗಳಲ್ಲಿ ಅದನ್ನೇ ನೋಡುತ್ತಾರೆ. ಪಾದದ ಒಳ ಅಂಚಿನಲ್ಲಿ ಆ ದೋಣಿಯಾಕಾರದ ನೇವಿಕ್ಯುಲರ್ ಮೇಲೆ ಒತ್ತಿದಾಗ ನೋವಾದರೂ ಹಾಗೆಯೇ.

ಫುಟ್‌ಬಾಲ್ ಅಂದಿರಲ್ಲ, ಮೆಟಾಟಾರ್ಸಲ್ ಅನ್ನುವ ಪದ ಜನರ ಬಾಯಿಗೆ ಬಂದದ್ದೇ ಫುಟ್‌ಬಾಲಿನಿಂದ. 2002ರ ವಿಶ್ವಕಪ್‌ಗೆ ಎರಡೇ ತಿಂಗಳಿರುವಾಗ ಡೇವಿಡ್ ಬೆಕ್‌ಹಾಮ್‌ನ ಎಡಗಾಲಿನ ಎರಡನೇ ಮೆಟಾಟಾರ್ಸಲ್ ಮುರಿಯಿತು. ಇಂಗ್ಲೆಂಡಿನಲ್ಲಿ ಅಲ್ಲಿಯವರೆಗೆ ಡಾಕ್ಟರರಿಗೆ ಮಾತ್ರ ಗೊತ್ತಿದ್ದ ಹೆಸರು ದಿನಪತ್ರಿಕೆಯ ಮೊದಲ ಪುಟಕ್ಕೆ ಬಂತು. ವಿಶ್ವಕಪ್ ಬಂದರೆ ದಾರಿಯುದ್ದಕ್ಕೂ ಬ್ರೆಜಿಲ್, ಅರ್ಜೆಂಟೀನಾ ಬಾವುಟ ಕಟ್ಟುವ ನಮ್ಮ ಊರಿನವರಿಗೂ ಅದು ಆಗಲೇ ಪರಿಚಯ ಆದದ್ದು. 2004ರಲ್ಲಿ ವೇಯ್ನ್ ರೂನಿಗೆ ಮುರಿದದ್ದು ಐದನೆಯದು, 2006ರಲ್ಲಿ ನಾಲ್ಕನೆಯದು.

ಪೆಟ್ಟೇ ಬೀಳದೆ, ಹೊರಳದೆಯೂ ಈ ಎಲುಬುಗಳು ಸೀಳುವುದುಂಟು. ದಿನಾ ಮೈಲಿಗಟ್ಟಲೆ ನಡೆಯುವ ಸೈನಿಕರ ಪಾದ ಊದುವುದನ್ನು ಪ್ರಷ್ಯಾದ ಸೈನ್ಯದ ಡಾಕ್ಟರ್ ಬ್ರೈಟ್‌ಹಾಪ್ಟ್ 1855ರಲ್ಲೇ ಬರೆದಿದ್ದರು. ಎಕ್ಸ್‌ರೇ ಬಂದಮೇಲೆ ಗೊತ್ತಾಯಿತು, ಅದು ಮೆಟಾಟಾರ್ಸಲ್‌ನ ಸಣ್ಣ ಬಿರುಕು. ಅದಕ್ಕೇ ಮಾರ್ಚ್ ಫ್ರ್ಯಾಕ್ಚರ್ ಅಂತ ಹೆಸರು. ಇಲ್ಲಿ ಮಾರ್ಚ್ ಅಂದರೆ ತಿಂಗಳಲ್ಲ, ಕವಾಯತಿನ ನಡಿಗೆ. ಜಾಸ್ತಿ ಆಗುವುದು ಎರಡನೆಯದಕ್ಕೆ. ಐದರಲ್ಲಿ ಅದೇ ಉದ್ದ, ಅದರ ಬುಡ ಬೆಣೆ ಎಲುಬುಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಅಲುಗಾಟವೂ ಕಮ್ಮಿ. ವರ್ಷವಿಡೀ ಕುಳಿತಿದ್ದು ಒಮ್ಮೆಲೇ ದಿನಾ ಬರಿಗಾಲಲ್ಲಿ ಕುಣಿತದ ಅಭ್ಯಾಸಕ್ಕೆ ಇಳಿಯುವ ಮಕ್ಕಳಲ್ಲಿ ಪಾದದ ಮೇಲೆ ಊತ ಕಂಡರೆ ಇದನ್ನು ಮರೆಯಬೇಡಿ. ಶುರುವಿನ ಎಕ್ಸ್‌ರೇಯಲ್ಲಿ ಏನೂ ಕಾಣದೆ, ಎರಡು ಮೂರು ವಾರ ಕಳೆದು ಕಾಣಿಸಿಕೊಳ್ಳುವುದು ಇದರ ಗುಣ.

ಮಕ್ಕಳ ವಿಷಯ ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ಹತ್ತು ಹನ್ನೆರಡರ ಆಸುಪಾಸಿನ ಮಕ್ಕಳಲ್ಲಿ ಆ ಗಂಟಿನ ಹೊರಮಗ್ಗುಲಲ್ಲಿ ಎಲುಬಿನ ಒಂದು ತೆಳು ಚೂರು ಬೇರೆಯಾಗಿ ಕಾಣುತ್ತದೆ. ಅದು ಬೆಳೆಯುವ ಭಾಗ, ಮುರಿತ ಅಲ್ಲ. ಬೆಳವಣಿಗೆಯ ಗೆರೆ ಎಲುಬಿನ ಉದ್ದಕ್ಕೆ ಇರುತ್ತದೆ, ಮುರಿದ ಗೆರೆ ಅಡ್ಡಕ್ಕೆ.

ಕೊನೆಗೆ ಹೆಬ್ಬೆರಳಿನ ಬುಡದ ಎರಡು ಗುಂಡು. ಅವು ಚೂರಾದದ್ದಲ್ಲ, ಎಲ್ಲರಿಗೂ ಇರುವಂಥವು. 26ರ ಲೆಕ್ಕಕ್ಕೆ ಅವನ್ನು ಸೇರಿಸುವುದಿಲ್ಲ ಅಷ್ಟೇ. ಹೆಬ್ಬೆರಳನ್ನು ಮಡಚುವ ನಾರಿನೊಳಗೆ ಹುದುಗಿಕೊಂಡು, ಮೊದಲ ಮೆಟಾಟಾರ್ಸಲ್‌ನ ತಲೆಯ ಅಡಿಯಲ್ಲಿ ಕೂತಿವೆ. ನಡೆಯುವಾಗ ಬೀಳುವ ಭಾರವನ್ನು ತಾವು ಹೊತ್ತು ನಾರು ಅಪ್ಪಚ್ಚಿಯಾಗದಂತೆ ಕಾಯುತ್ತವೆ. ಹೆಸರು ಸೆಸಮಾಯ್ಡ್, ಅಂದರೆ ಎಳ್ಳಿನಂಥದ್ದು. ಮಲಯಾಳದಲ್ಲಿ ಎಲುಬಿಗೆ ‘ಎಲ್ಲ್’, ಎಳ್ಳಿಗೆ ‘ಎಳ್ಳ್’. ಎರಡನ್ನೂ ಒಟ್ಟಿಗೆ ಹೇಳಿದರೆ ಈ ಎಲುಬಿನ ಹೆಸರಾಯಿತು! ಕಾಸರಗೋಡಿನವರಿಗೆ ಮಾತ್ರ ನಗು ಬರುವ ಜೋಕು ಇದು. ಮನುಷ್ಯ ಸತ್ತಮೇಲೂ ಇದು ನಾಶವಾಗುವುದಿಲ್ಲ, ಇದರಿಂದಲೇ ದೇಹ ಮತ್ತೆ ಹುಟ್ಟುತ್ತದೆ ಅಂತ ಯುರೋಪಿನಲ್ಲಿ ಕೆಲವರು ನಂಬಿದ್ದರು. ವೆಸಾಲಿಯಸ್ 1543ರ ತನ್ನ ದೊಡ್ಡ ಅಂಗರಚನೆಯ ಗ್ರಂಥದಲ್ಲಿ ಆ ನಂಬಿಕೆಯ ಪ್ರಸ್ತಾಪ ಮಾಡಿದ್ದಾನೆ.

ಕೆಲವರಲ್ಲಿ ಹುಟ್ಟಿನಿಂದಲೇ ಈ ಗುಂಡುಗಳಲ್ಲಿ ಯಾವುದಾದರೂ ಒಂದು, ಎರಡು ತುಂಡಾಗಿರುತ್ತದೆ. ಅಂಚು ನುಣ್ಣಗೆ ದುಂಡಗಿದ್ದರೆ ಅದು ಹುಟ್ಟಿನದು, ಅಂಚು ಚೂಪಾಗಿ ಒರಟಾಗಿದ್ದರೆ ಮುರಿದದ್ದು. ನಿಮಗೆ ಅಲ್ಲಿ ಒತ್ತಿದಾಗ ನೋವಿಲ್ಲ ಅಂತಾದರೆ ಅದನ್ನು ಬಿಟ್ಟುಬಿಡಿ. ಹೆಬ್ಬೆರಳಿನ ಅಡಿಯಲ್ಲೂ ನೋವಿದ್ದರೆ ಮುಂದಿನ ಸಲ ಹೋದಾಗ ಬಲ ಪಾದದ ಎಕ್ಸ್‌ರೇಯನ್ನೂ ತೆಗೆಸಿ ಎರಡನ್ನೂ ಹೋಲಿಸಿ ನೋಡಲು ಹೇಳಿ.